ಶ್ರೀ ಜಗನ್ನಾಥದಾಸರ ಜೀವನದಲ್ಲಿ ಸತ್ಯದ ಪಾಠ

ಭಾದ್ರಪದ ಶುದ್ಧ ನವಮಿಯು ಮಾನವಿಯ ಶ್ರೀ ಜಗನ್ನಾಥದಾಸಾರ್ಯರ ಆರಾಧನೆಯ ಪುಣ್ಯದಿನ. ಪ್ರತಿವರ್ಷವೂ ಆ ದಿನ ಹರಿಕಥಾಮೃತಸಾರದ ಪಾರಾಯಣ, ಪ್ರವಚನ, ಭಜನೆಗಳು ಅನೇಕ ಕಡೆಗಳಲ್ಲಿ ನಡೆಯುತ್ತವೆ. ದಾಸರಾಯರ ಪಾಂಡಿತ್ಯವನ್ನೂ ಕವಿತ್ವವನ್ನೂ ನಾವು ಕೊಂಡಾಡುತ್ತೇವೆ. ಆದರೆ ಆ ಮಹಾನುಭಾವರ ಬಾಳು ತಿರುಗಿದ್ದು ಒಂದು ಸಣ್ಣ ಸುಳ್ಳಿನಿಂದ ಎಂಬುದನ್ನು ಕಥೆಯಾಗಿ ಕೇಳಿ ಅಲ್ಲಿಗೇ ಬಿಟ್ಟುಬಿಡುತ್ತೇವೆ. ಈ ಸಲ ಆ ಪ್ರಸಂಗವನ್ನೇ ಸ್ವಲ್ಪ ನಿಂತು ಚಿಂತಿಸೋಣವೆಂದು ನಮ್ಮ ಉದ್ದೇಶ.

ಈಗಿನ ರಾಯಚೂರು ಜಿಲ್ಲೆಯ ಮಾನವಿಯ ಸಮೀಪದಲ್ಲಿರುವ ಬ್ಯಾಗವಾಟವು ದಾಸರಾಯರ ಜನ್ಮಸ್ಥಳ. ಕ್ರಿ. ಶ. 1728ನೆಯ ಕೀಲಕ ಸಂವತ್ಸರದಲ್ಲಿ ಅವರ ಜನನ. ಪೂರ್ವಾಶ್ರಮದ ಹೆಸರು ಶ್ರೀನಿವಾಸ. ಬಾಲ್ಯದಲ್ಲಿಯೇ ತೀಕ್ಷ್ಣವಾದ ಬುದ್ಧಿ. ಮಂತ್ರಾಲಯ ಪರಂಪರೆಯ ಶ್ರೀ ವರದೇಂದ್ರತೀರ್ಥರ ಸನ್ನಿಧಿಯಲ್ಲಿ ವೇದಾಂತ ವ್ಯಾಸಂಗ ಮಾಡಿ, ಆಚಾರ್ಯ ಎಂಬ ಗೌರವಕ್ಕೆ ಪಾತ್ರರಾಗಿ, ಚಿಕ್ಕ ವಯಸ್ಸಿನಲ್ಲಿಯೇ ಶಿಷ್ಯರಿಗೆ ಪಾಠ ಹೇಳುವ ಯೋಗ್ಯತೆಯನ್ನು ಸಂಪಾದಿಸಿದರು. ವಿದ್ಯೆಯ ಜೊತೆಗೆ ವಿದ್ಯೆಯ ಮದವೂ ಬಂದಿತು. ಸಂಸ್ಕೃತದಲ್ಲಿ ಗ್ರಂಥಗಳಿರುವಾಗ ಕನ್ನಡದ ಹಾಡುಗಳೇಕೆ, ವಿದ್ವತ್ಸಭೆಯಿರುವಾಗ ಗೆಜ್ಜೆ ತಾಳಗಳೇಕೆ ಎಂಬ ತಿರಸ್ಕಾರ ಆಚಾರ್ಯರ ಮನಸ್ಸಿನಲ್ಲಿ ಬೇರೂರಿತ್ತು.

ಅದೇ ಕಾಲದಲ್ಲಿ ಅದೇ ಸೀಮೆಯಲ್ಲಿ ಶ್ರೀ ವಿಜಯದಾಸರು ಪ್ರಸಿದ್ಧರಾಗಿದ್ದರು. ಅವರು 1682ರಲ್ಲಿ ತುಂಗಭದ್ರಾ ತೀರದ ಚೀಕಲಪರವಿಯಲ್ಲಿ ಹುಟ್ಟಿ, ಕಡುಬಡತನವನ್ನುಂಡು, ಊರೂರು ಅಲೆದು, ಕಾಶಿಯಲ್ಲಿ ಸ್ವಪ್ನದಲ್ಲಿ ಶ್ರೀ ಪುರಂದರದಾಸರಿಂದ ಅಂಕಿತ ಪಡೆದವರು. ಶಾಲೆಯ ಪಾಠದಿಂದ ಬಂದ ವಿದ್ಯೆ ಅವರಿಗೆ ಹೆಚ್ಚಾಗಿರಲಿಲ್ಲ. ಆದರೂ ಅವರ ಸುಳಾದಿಗಳಲ್ಲಿ ಟೀಕಾ ಟಿಪ್ಪಣಿಗಳ ಪ್ರಮೇಯಗಳೆಲ್ಲ ತಿಳಿಗನ್ನಡದಲ್ಲಿ ಹರಿದುಬಂದಿದ್ದವು.

ಸಂಪ್ರದಾಯದಲ್ಲಿ ಹೇಳಿಕೊಂಡು ಬಂದಿರುವುದು ಹೀಗೆ. ವಿಜಯದಾಸರು ಶಿಷ್ಯಸಮೇತರಾಗಿ ಮಾನವಿಗೆ ಬಂದು, ಪೂಜೆ ಸಂಕೀರ್ತನೆಗಳನ್ನು ನಡೆಸಿ, ಊರಿನ ಬ್ರಾಹ್ಮಣರನ್ನು ತೀರ್ಥಪ್ರಸಾದಕ್ಕೆ ಆಹ್ವಾನಿಸಿದರು. ಶ್ರೀನಿವಾಸಾಚಾರ್ಯರಿಗೂ ಆಹ್ವಾನ ಹೋಯಿತು. ದಾಸರ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ತಮ್ಮ ಪಾಂಡಿತ್ಯಕ್ಕೆ ಕುಂದೆಂದು ಆಚಾರ್ಯರು ಭಾವಿಸಿದರು. ಇದ್ದದ್ದನ್ನು ಇದ್ದ ಹಾಗೆ ಹೇಳುವ ಧೈರ್ಯ ಬರಲಿಲ್ಲ. ತಮಗೆ ಉದರಶೂಲೆಯುಂಟೆಂದೂ, ಹೊತ್ತು ಮೀರಿ ಉಂಡರೆ ಅದು ಬಾಧಿಸುವುದೆಂದೂ ನೆಪ ಹೇಳಿ ಕಳುಹಿಸಿದರು. ವಿಜಯದಾಸರು ಕೋಪಿಸಲಿಲ್ಲ, ಹಾಗೆಯೇ ಆಗಲೆಂದು ಸುಮ್ಮನಾದರು.

ಸ್ವಲ್ಪ ಕಾಲದಲ್ಲಿಯೇ ಆಚಾರ್ಯರಿಗೆ ನಿಜವಾಗಿಯೂ ಉದರಶೂಲೆ ಪ್ರಾಪ್ತವಾಯಿತು. ಉಂಡ ಅನ್ನ ದಕ್ಕದಾಯಿತು. ಔಷಧಗಳು ಫಲಿಸದೆ ಹೋದವು. ಪಾಠ ಪ್ರವಚನಗಳು ನಿಂತವು. ಕೊನೆಗೆ ಮಂತ್ರಾಲಯಕ್ಕೆ ಬಂದು, 1671ರಲ್ಲಿ ವೃಂದಾವನಸ್ಥರಾದ ಶ್ರೀ ರಾಘವೇಂದ್ರತೀರ್ಥರ ಸನ್ನಿಧಿಯಲ್ಲಿ ಸೇವೆಗೆ ನಿಂತರು. ಗುರುರಾಯರು ಸ್ವಪ್ನದಲ್ಲಿ ಆಜ್ಞಾಪಿಸಿದ್ದು ಬೇರೆ ಯಾವುದನ್ನೂ ಅಲ್ಲ, ಯಾರಿಗೆ ಅಪರಾಧ ಮಾಡಿದ್ದರೋ ಅವರಲ್ಲಿಗೇ ಹೋಗಬೇಕೆಂಬುದನ್ನು. ಇಲ್ಲಿ ನಾವು ಗಮನಿಸಬೇಕಾದದ್ದಿದೆ. ಬೇಡಿದವರಿಗೆ ಬೇಡಿದ್ದನ್ನು ಕೊಡುವ ಕಲ್ಪವೃಕ್ಷವೆಂದು ನಾವು ಸ್ತುತಿಸುವ ರಾಯರು ಈ ರೋಗವನ್ನು ತಾವೇ ಕಳೆಯಬಹುದಾಗಿತ್ತು. ಆದರೆ ಒಬ್ಬರಿಗೆ ಮಾಡಿದ ಅಪರಾಧಕ್ಕೆ ಇನ್ನೊಬ್ಬರಲ್ಲಿ ಕ್ಷಮೆ ಕೇಳಿದರೆ ಲೆಕ್ಕ ತೀರುವುದಿಲ್ಲವೆಂಬುದನ್ನು ಅವರು ಈ ರೀತಿಯಲ್ಲಿ ತೋರಿಸಿಕೊಟ್ಟರು.

ಆಚಾರ್ಯರು ವಿಜಯದಾಸರ ಪಾದಗಳಲ್ಲಿ ಬಿದ್ದರು. ತಾವು ಹೇಳಿದ್ದು ಹುಸಿಯೆಂದು ಬಾಯಿಬಿಟ್ಟು ಒಪ್ಪಿಕೊಳ್ಳುವುದು ಸಭೆಯಲ್ಲಿ ಗೆದ್ದು ರೂಢಿಯಾದ ವಿದ್ವಾಂಸರಿಗೆ ಎಷ್ಟು ಕಷ್ಟವಾಗಿರಬೇಕು! ಶೂಲೆಯ ನೋವಿಗಿಂತ ಈ ನೋವೇ ದೊಡ್ಡದಾಗಿದ್ದಿರಬಹುದು. ವಿಜಯದಾಸರು ಅವರನ್ನು ಕ್ಷಮಿಸಿ, ತಮ್ಮ ಪ್ರಿಯಶಿಷ್ಯರಾದ ಉತ್ತನೂರಿನ ಶ್ರೀ ಗೋಪಾಲದಾಸರಲ್ಲಿಗೆ ಕಳುಹಿಸಿಕೊಟ್ಟರು. ಮೊಸರುಕಲ್ಲಿನ ಭಾಗಣ್ಣನೆಂದು ಹೆಸರಾಗಿದ್ದ ಗೋಪಾಲದಾಸರು ಗುರುಗಳ ಅಪ್ಪಣೆಯಂತೆ ಧನ್ವಂತ್ರಿರೂಪಿ ಪರಮಾತ್ಮನನ್ನು ಪ್ರಾರ್ಥಿಸಿ, ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ಉಣಿಸಿ, ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಆಚಾರ್ಯರಿಗೆ ಧಾರೆಯೆರೆದರು. ಅವರು ರಚಿಸಿದ ಧನ್ವಂತ್ರಿ ಪ್ರಾರ್ಥನೆಯ ಪದವನ್ನು ಮನೆಯಲ್ಲಿ ಯಾರಿಗಾದರೂ ದೇಹಾಲಸ್ಯವಾದಾಗ ನಮ್ಮ ತಾಯಂದಿರು ಹಾಡುವುದುಂಟು.

ಸುಳ್ಳಿನ ಬೆಲೆಯನ್ನು ಇಲ್ಲಿ ಎಣಿಸಿ ನೋಡೋಣ. ಹೇಳಿದ್ದು ಒಂದೇ ಒಂದು ನೆಪ. ಅದಕ್ಕೆ ತೆತ್ತದ್ದು ಮೊದಲು ಆಚಾರ್ಯರ ಆರೋಗ್ಯ, ಆಮೇಲೆ ಅವರ ಅಭಿಮಾನ. ಆದರೆ ಕಡೆಯ ಮತ್ತು ಅತಿ ದೊಡ್ಡ ಕಂತನ್ನು ಕಟ್ಟಿದವರು ಸುಳ್ಳಾಡಿದವರಲ್ಲ. ಆ ಆಹ್ವಾನಕ್ಕಾಗಲಿ ಆ ನೆಪಕ್ಕಾಗಲಿ ಸಂಬಂಧವೇ ಇಲ್ಲದಿದ್ದ ಗೋಪಾಲದಾಸರು. 1755ರಲ್ಲಿ ವಿಜಯದಾಸರು ಚಿಪ್ಪಗಿರಿಯಲ್ಲಿ ಹರಿಪುರವನ್ನು ಸೇರಿದರು. ಏಳು ವರ್ಷಗಳ ತರುವಾಯ, 1762ರಲ್ಲಿ, ಗೋಪಾಲದಾಸರೂ ನಲವತ್ತರ ಆಸುಪಾಸಿನಲ್ಲಿಯೇ ಇಹಲೋಕವನ್ನು ತ್ಯಜಿಸಿದರು. ಅಲ್ಲಿಂದ ಮುಂದೆ 47 ವರ್ಷ ಬದುಕಿದ ಶಿಷ್ಯರು ಪ್ರತಿಯೊಂದು ಸೂರ್ಯೋದಯವನ್ನೂ ಕಾಣುವಾಗ, ಇದು ತನ್ನದಲ್ಲ, ಗುರುಗಳು ಕೊಟ್ಟದ್ದು ಎಂದು ನೆನೆಯದೆ ಇದ್ದಿರಲಾರರು. ನಾವು ಆಡುವ ಸುಳ್ಳಿನ ಸಾಲವನ್ನು ಎಷ್ಟೋ ಸಲ ಬೇರೆಯವರೇ ತೀರಿಸುತ್ತಾರೆ. ತಂದೆಯ ಸುಳ್ಳಿಗೆ ಮಗನು ತಲೆತಗ್ಗಿಸುತ್ತಾನೆ. ವ್ಯಾಪಾರಿಯ ಸುಳ್ಳಿಗೆ ನಂಬಿ ಬಂದ ಬಡವನು ಕೈಸುಟ್ಟುಕೊಳ್ಳುತ್ತಾನೆ.

ಇನ್ನೊಂದು ಅಂಶವುಂಟು. ಶ್ರೀಮದಾಚಾರ್ಯರ ಸಿದ್ಧಾಂತದ ಮೂಲಸ್ತಂಭಗಳಲ್ಲಿ ಜಗತ್ಸತ್ಯತ್ವವೂ ಒಂದು. ಹರಿಯು ಸೃಷ್ಟಿಸಿದ ಈ ಪ್ರಪಂಚವು ಸತ್ಯವೆಂದು ವಾದಿಸಲು ಪಳಗಿದ ನಾಲಿಗೆಯೇ ತನ್ನ ಹೊಟ್ಟೆಯ ವಿಷಯದಲ್ಲಿ ಇಲ್ಲದ್ದನ್ನು ಉಂಟೆಂದಿತು. ಗುರುಕುಲದಿಂದ ಹೊರಡುವ ಶಿಷ್ಯನಿಗೆ ತೈತ್ತಿರೀಯದ ಶಿಕ್ಷಾವಲ್ಲಿ ಉಪದೇಶಿಸುವ ಮೊದಲ ಮಾತೇ ಸತ್ಯವನ್ನು ಕುರಿತದ್ದು. ಧರ್ಮ, ಸ್ವಾಧ್ಯಾಯಗಳೂ ಅದರ ಅನಂತರವೇ ಬರುತ್ತವೆ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಯಾರನ್ನೂ ನೋಯಿಸದ, ಪ್ರಿಯವೂ ಹಿತವೂ ಆದ ಸತ್ಯವಚನವನ್ನು ವಾಕ್ಕಿನ ತಪಸ್ಸೆಂದು ಕರೆದಿದ್ದಾನೆ. ಪಾಠವೆಲ್ಲ ಕಂಠಸ್ಥವಾಗಿದ್ದೂ ಆ ಮೊದಲ ಮಾತು ಮಾತ್ರ ನಾಲಿಗೆಗೆ ಇಳಿಯದಿದ್ದರೆ, ಅಂತಹ ವಿದ್ಯೆ ತಲೆಯ ಮೇಲಿನ ಹೊರೆಯಾಗಿಯೇ ಉಳಿಯುತ್ತದೆ.

ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. ಆಚಾರ್ಯರು ಪಂಢರಪುರಕ್ಕೆ ಹೋಗಿ ಚಂದ್ರಭಾಗೆಯಲ್ಲಿ ಮುಳುಗಿ ಏಳುವಾಗ ಜಗನ್ನಾಥವಿಠಲ ಎಂಬ ಅಂಕಿತವುಳ್ಳ ಶಿಲೆ ಅವರಿಗೆ ದೊರೆಯಿತೆಂದು ಐತಿಹ್ಯ. ಯಾವ ಗೆಜ್ಜೆ ತಾಳಗಳನ್ನು ಹಳಿದಿದ್ದರೋ ಅವುಗಳನ್ನೇ ಧರಿಸಿದರು; ಯಾವ ಕನ್ನಡವನ್ನು ಕಡೆಗಣಿಸಿದ್ದರೋ ಆ ಕನ್ನಡದಲ್ಲಿಯೇ, ಭಾಮಿನೀ ಷಟ್ಪದಿಯಲ್ಲಿ, 32 ಸಂಧಿಗಳ ಹರಿಕಥಾಮೃತಸಾರವನ್ನು ರಚಿಸಿದರು. ಬಿಂಬೋಪಾಸನೆ, ತಾರತಮ್ಯ, ನಾಡೀಪ್ರಕರಣಗಳಂತಹ ಗಹನವಾದ ವಿಷಯಗಳು ಅಡಿಗೆಮನೆಯಲ್ಲಿ ಹಾಡಿಕೊಳ್ಳುವ ಮಾತುಗಳಾದವು. ತತ್ವಸುವ್ವಾಲಿಯೂ ಅವರದೇ ಕೃತಿ. ಊಟದ ನೆಪದಲ್ಲಿ ದಾಸರನ್ನು ದೂರವಿಟ್ಟವರು ತಮ್ಮ ಗ್ರಂಥದಲ್ಲಿ ಭೋಜನವನ್ನೇ ಯಜ್ಞವಾಗಿ ಕಂಡು, ಅದಕ್ಕಾಗಿಯೇ ಒಂದು ಸಂಧಿಯನ್ನು ಮೀಸಲಿಟ್ಟರು. ಕರ್ಜಗಿಯ ದಾಸಪ್ಪನವರು, ಲಿಂಗಸುಗೂರಿನ ಪ್ರಾಣೇಶದಾಸರು ಮೊದಲಾದವರು ಅವರ ಶಿಷ್ಯರಾಗಿ ದಾಸಸಾಹಿತ್ಯವನ್ನು ಬೆಳೆಸಿದರು. 1809ನೆಯ ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿಯಂದು ದಾಸರಾಯರು ಮಾನವಿಯಲ್ಲಿ ಹರಿಪಾದವನ್ನು ಸೇರಿದರು. ಅವರು ಒರಗಿ ಕುಳಿತುಕೊಳ್ಳುತ್ತಿದ್ದ ಸ್ತಂಭಕ್ಕೆ ಅಲ್ಲಿ ಪೂಜೆ ಸಲ್ಲುತ್ತದೆ.

ಈ ಪರಂಪರೆಯವರು ತಮ್ಮ ಗುರುಗಳ ತಪ್ಪನ್ನು ಮುಚ್ಚಿಡಲಿಲ್ಲವೆಂಬುದು ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ. ದಾಸರಾಯರ ಮಹಿಮೆಯನ್ನು ಹೇಳುವಾಗಲೆಲ್ಲ ಅವರ ಹುಸಿಯನ್ನೂ ಕೂಡಿಯೇ ಹೇಳಿದರು. ಅದೂ ಒಂದು ಸತ್ಯವ್ರತವೇ ಸರಿ.

ರೋಗಗಳೆಲ್ಲವೂ ಸುಳ್ಳಿನ ಫಲವೆಂದು ಯಾರೂ ಇದರಿಂದ ತಿಳಿಯಬಾರದು. ನೊಂದವರನ್ನು ಹಾಗೆ ನೋಡುವುದು ಮತ್ತೊಂದು ಅಪರಾಧವಾದೀತು. ನಾವು ನೋಡಿಕೊಳ್ಳಬೇಕಾದದ್ದು ನಮ್ಮ ನಾಲಿಗೆಯನ್ನು ಮಾತ್ರ. ಬಡ ಬಂಧುವಿನ ಮನೆಯ ಕರೆಗೆ ಮೈಸರಿಯಿಲ್ಲವೆನ್ನುತ್ತೇವೆ. ಬಾಗಿಲಿಗೆ ಬಂದವರಿಗೆ ಮನೆಯಲ್ಲಿ ಯಜಮಾನರಿಲ್ಲವೆಂದು ಮಗುವಿನ ಬಾಯಿಂದಲೇ ಹೇಳಿಸುತ್ತೇವೆ. ಇವುಗಳನ್ನು ಸುಳ್ಳೆಂದು ಎಣಿಸುವುದೇ ಇಲ್ಲ. ಬರಲಾಗದಿದ್ದರೆ ಬರಲಾಗದೆಂದು ವಿನಯದಿಂದ ಹೇಳಿದರೆ ಯಾರಿಗೂ ನೋವಾಗದು. ಹಾಗೆ ಹೇಳಲು ನಾಲಿಗೆ ಹಿಂಜರಿದರೆ, ಒಳಗೆ ಯಾವುದೋ ತಿರಸ್ಕಾರವೋ ಭಯವೋ ಅಡಗಿದೆಯೆಂದು ತಿಳಿದು, ಮೊದಲು ಅದಕ್ಕೆ ಮದ್ದು ಹುಡುಕಬೇಕು.

ಈ ಆರಾಧನೆಯ ದಿನ ಹರಿಕಥಾಮೃತಸಾರದ ಒಂದು ಸಂಧಿಯನ್ನಾದರೂ ಮನೆಮಂದಿಯೆಲ್ಲ ಕುಳಿತು ಪಾರಾಯಣ ಮಾಡೋಣ. ಅದರೊಡನೆ, ಆ ಒಂದು ದಿನವಾದರೂ ಸಣ್ಣ ನೆಪದ ಮಾತೂ ಬಾಯಿಂದ ಬಾರದಂತೆ ನೋಡಿಕೊಂಡರೆ, ಅದು ದಾಸರಾಯರಿಗೆ ಸಲ್ಲುವ ನಿಜವಾದ ಹಸ್ತೋದಕವಾದೀತು.

ಶ್ರೀಕೃಷ್ಣಾರ್ಪಣಮಸ್ತು.