ಮಗಳ ಕಾಯಿಲೆಗೆ ಹೆಸರು ಹುಡುಕಿದ ಪರ್ಲ್ ಬಕ್

ನಿಮ್ಮ ಮಗುವಿಗೆ ಪದೇ ಪದೇ ಫಿಟ್ಸ್ ಬರುತ್ತಿದೆಯೇ? ಮಾತು, ನಡಿಗೆ ತಡವಾಗುತ್ತಿದೆಯೇ? ಎಷ್ಟು ಆಸ್ಪತ್ರೆಗಳಿಗೆ ಅಲೆದರೂ ಕಾರಣ ತಿಳಿಯುತ್ತಿಲ್ಲವೇ? ಹಾಗಿದ್ದರೆ ನೊಬೆಲ್ ಪ್ರಶಸ್ತಿ ಪಡೆದ ಲೇಖಕಿ ಪರ್ಲ್ ಬಕ್ ತಾಯಿಯಾಗಿ ಪಟ್ಟ ಪಾಡನ್ನು ನೀವು ತಿಳಿದಿರಬೇಕು.

ಪರ್ಲ್ 1892ರಲ್ಲಿ ಅಮೆರಿಕದಲ್ಲಿ ಹುಟ್ಟಿದರು. ತಂದೆ-ತಾಯಿ ಕ್ರೈಸ್ತ ಮಿಷನರಿಗಳಾದ್ದರಿಂದ ಚೀನಾದಲ್ಲಿ ಬೆಳೆದರು. 1920ರಲ್ಲಿ ಅವರಿಗೆ ಮಗಳು ಕ್ಯಾರೊಲ್ ಹುಟ್ಟಿದಳು. ನೋಡಲು ಮುದ್ದಾದ ಮಗು. ಆದರೆ ಮೂರು ವರ್ಷವಾದರೂ ಮಾತು ಬರಲಿಲ್ಲ. ಕೆಲವು ಮಕ್ಕಳಿಗೆ ಮಾತು ತಡ ಎಂದು ಪರಿಚಯದವರು ಸಮಾಧಾನ ಹೇಳಿದರು. ತಾಯಿಯ ಮನಸ್ಸು ಒಪ್ಪಲಿಲ್ಲ.

ಪರ್ಲ್ ಮಗಳನ್ನು ಅಮೆರಿಕಕ್ಕೆ ಕರೆತಂದು ಒಬ್ಬರಾದ ಮೇಲೊಬ್ಬರು ವೈದ್ಯರಿಗೆ ತೋರಿಸಿದರು. ಕೊನೆಗೆ ಮಿನ್ನೆಸೋಟದ ಮೇಯೋ ಕ್ಲಿನಿಕ್‌ನಲ್ಲಿ ಒಬ್ಬ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು: ಈ ಮಗುವಿನ ಬುದ್ಧಿ ಎಲ್ಲರಂತೆ ಬೆಳೆಯುವುದಿಲ್ಲ. ಆದರೆ ಏಕೆ ಎಂಬ ಪ್ರಶ್ನೆಗೆ ಅಲ್ಲಿಯೂ ಉತ್ತರ ಸಿಗಲಿಲ್ಲ.

1929ರಲ್ಲಿ ಪರ್ಲ್ ಮಗಳನ್ನು ನ್ಯೂಜೆರ್ಸಿಯ ವೈನ್‌ಲ್ಯಾಂಡ್‌ನಲ್ಲಿದ್ದ ವಸತಿ ಶಾಲೆಗೆ ಸೇರಿಸಿದರು. ಅದರ ಖರ್ಚಿಗೆ ಹಣ ಬೇಕಿತ್ತು. 1931ರಲ್ಲಿ ಪ್ರಕಟವಾದ ‘ದಿ ಗುಡ್ ಅರ್ತ್’ ಕಾದಂಬರಿಯ ಸಂಪಾದನೆ ಅದಕ್ಕೆ ನೆರವಾಯಿತು. 1938ರಲ್ಲಿ ನೊಬೆಲ್ ಬಂತು. ಆದರೂ ಮಗಳ ಬಗ್ಗೆ ಬಹಿರಂಗವಾಗಿ ಬರೆಯಲು 1950ರವರೆಗೆ ಅವರಿಗೆ ಆಗಲಿಲ್ಲ.

ಉತ್ತರ ಹೊಳೆದದ್ದು ದೂರದ ನಾರ್ವೆಯಲ್ಲಿ, ಇನ್ನೊಬ್ಬ ತಾಯಿಯ ಹಟದಿಂದ. ಬೋರ್ಗ್ನಿ ಎಗೆಲಾಂಡ್ ಅವರ ಇಬ್ಬರು ಮಕ್ಕಳಿಗೂ ಬುದ್ಧಿ ಬೆಳೆದಿರಲಿಲ್ಲ. ಮಕ್ಕಳಿಂದ ವಿಚಿತ್ರ ಮುಗ್ಗಲು ವಾಸನೆ ಬರುವುದನ್ನು ಗಮನಿಸಿದ ಆಕೆ, ಕಂಡ ವೈದ್ಯರನ್ನೆಲ್ಲ ಕಾರಣ ಕೇಳಿದರು. 1934ರಲ್ಲಿ ಡಾ. ಆಸ್ಬ್‌ಯೋರ್ನ್ ಫೋಲಿಂಗ್ ಆ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಈ ಕಾಯಿಲೆಗೆ ಈಗ ಫೀನೈಲ್‌ಕೀಟೋನ್ಯೂರಿಯಾ, ಚಿಕ್ಕದಾಗಿ ಪಿಕೆಯು ಎನ್ನುತ್ತಾರೆ.

ಇದರಲ್ಲಿ ಆಗುವುದೇನು? ನಾವು ತಿನ್ನುವ ಪ್ರೋಟೀನ್‌ನಲ್ಲಿ ಫೀನೈಲ್‌ಅಲನಿನ್ ಎಂಬ ಅಂಶವಿದೆ. ಅದನ್ನು ಬದಲಾಯಿಸುವ ಯಕೃತ್ತಿನ ಕಿಣ್ವ ಈ ಮಕ್ಕಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಅಂಶ ರಕ್ತದಲ್ಲಿ ಹೆಚ್ಚಿ ಮಿದುಳಿಗೆ ಹಾನಿ ಮಾಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಬುದ್ಧಿಮಾಂದ್ಯದ ಜೊತೆಗೆ ಹಲವರಿಗೆ ಫಿಟ್ಸ್ ಕೂಡ ಬರುತ್ತದೆ. ತಂದೆ-ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ. ಬಸುರಿಯಲ್ಲಿ ತಾಯಿ ಏನು ತಿಂದಳು, ಏನು ಮಾಡಿದಳು ಎಂಬುದು ಕಾರಣವಲ್ಲ.

1950ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾರ್ಸ್ಟ್ ಬಿಕಲ್ ತಂಡ ಪಥ್ಯಾಹಾರದ ಚಿಕಿತ್ಸೆ ತೋರಿಸಿಕೊಟ್ಟಿತು. 1960ರ ದಶಕದ ಆರಂಭದಲ್ಲಿ ರಾಬರ್ಟ್ ಗತ್ರಿ, ಹಸುಗೂಸಿನ ಹಿಮ್ಮಡಿಯ ಕೆಲವು ಹನಿ ರಕ್ತದಿಂದ ಕಾಯಿಲೆ ಪತ್ತೆ ಮಾಡುವ ದಾರಿ ಕಂಡುಹಿಡಿದರು. ಕ್ಯಾರೊಲ್‌ಗಿದ್ದದ್ದು ಪಿಕೆಯು ಎಂದು ತಿಳಿದದ್ದೂ ಆ ದಶಕದಲ್ಲೇ. ಫೋಲಿಂಗ್ ಪರೀಕ್ಷೆ ಬಂದಾಗ ಆಕೆಗೆ 14 ವರ್ಷ. ಹೆಸರು ಸಿಗುವ ಹೊತ್ತಿಗೆ ನಡುವಯಸ್ಸು. ಮಿದುಳಿಗಾದ ಹಾನಿಯನ್ನು ಸರಿಪಡಿಸುವ ಕಾಲ ಮೀರಿತ್ತು. ಪರ್ಲ್ 1973ರಲ್ಲಿ ತೀರಿಕೊಂಡರು, ಕ್ಯಾರೊಲ್ 1992ರಲ್ಲಿ.

ನಿಮ್ಮ ಮಗುವಿನ ಕಾಲ ಬೇರೆ. ಫಿಟ್ಸ್‌ಗೆ ಕಾರಣ ಸಿಗದಿದ್ದರೆ ಚಯಾಪಚಯ ಕಾಯಿಲೆಗಳ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ರಕ್ತದ ಸಕ್ಕರೆ, ಅಮೋನಿಯಾ, ಲ್ಯಾಕ್ಟೇಟ್, ಅಮೈನೋ ಆಮ್ಲಗಳು, ಮೂತ್ರದ ಆರ್ಗ್ಯಾನಿಕ್ ಆಮ್ಲಗಳು ಮತ್ತು ಬೇಕಾದರೆ ಜೀನ್ ಪರೀಕ್ಷೆ ಇದರಲ್ಲಿ ಸೇರುತ್ತವೆ. ಇಂಥ ಕೆಲವು ಕಾಯಿಲೆಗಳಲ್ಲಿ ಬಿ6 ಅಥವಾ ಬಯೋಟಿನ್ ವಿಟಮಿನ್‌ನಿಂದಲೇ ಫಿಟ್ಸ್ ಹತೋಟಿಗೆ ಬರುತ್ತದೆ. ಆದರೆ ವೈದ್ಯರು ಹೇಳದೆ ಯಾವ ಮಾತ್ರೆಯನ್ನೂ ಶುರು ಮಾಡಬೇಡಿ, ಫಿಟ್ಸ್ ಮಾತ್ರೆ ನಿಲ್ಲಿಸಲೂಬೇಡಿ.

ದೆಹಲಿಯ ಏಮ್ಸ್, ಮುಂಬೈಯ ಕೆಇಎಂ ಆಸ್ಪತ್ರೆ, ಹೈದರಾಬಾದಿನ ಸಿಡಿಎಫ್‌ಡಿ ಸರ್ಕಾರ ಗುರುತಿಸಿದ ಅಪರೂಪದ ಕಾಯಿಲೆಗಳ ಕೇಂದ್ರಗಳು. ಹೋಗುವಾಗ ಹಳೆಯ ರಿಪೋರ್ಟ್‌ಗಳು ಮತ್ತು ಫಿಟ್ಸ್ ಬಂದಾಗ ಮೊಬೈಲಿನಲ್ಲಿ ತೆಗೆದ ವಿಡಿಯೋ ಜೊತೆಗಿರಲಿ. ವಾಸನೆ, ಊಟದ ನಂತರದ ಸುಸ್ತು, ನೀವು ಕಂಡದ್ದು ಏನಿದ್ದರೂ ಹೇಳಿ. ಹಿಂದೆ ಉತ್ತರ ಸಿಗದಿದ್ದರೂ ಕೆಲವು ವರ್ಷಗಳ ನಂತರ ಮತ್ತೆ ಕೇಳಿ. ಹೆಸರು ತಡವಾಗಿ ಸಿಕ್ಕರೂ ಮುಂದಿನ ಚಿಕಿತ್ಸೆಗೆ, ಮುಂದಿನ ಮಗುವಿಗೆ ಅದು ನೆರವಾಗುತ್ತದೆ.