ಮಾಲೀಕರಿಗೆ ಸಡ್ಡು ಹೊಡೆದ ಜಾನ್ ವಾರ್ಡ್

ಅಮೆರಿಕದ ಬೇಸ್‌ಬಾಲ್ ಇತಿಹಾಸದಲ್ಲಿ ಪ್ಲೇಯರ್ಸ್ ಲೀಗ್ ಬಾಳಿದ್ದು 1890ರ ಒಂದೇ ಒಂದು ಋತು. ಆಟಗಾರರೇ ಕಟ್ಟಿದ ಆ ವೃತ್ತಿಪರ ಲೀಗ್‌ನ ರೂವಾರಿ ಜಾನ್ ಮಾಂಟ್‌ಗೊಮರಿ ವಾರ್ಡ್.

1860ರ ಮಾರ್ಚ್ 3ರಂದು ಪೆನ್ಸಿಲ್ವೇನಿಯಾದ ಬೆಲ್‌ಫಾಂಟ್‌ನಲ್ಲಿ ಜನಿಸಿದ ವಾರ್ಡ್, ಎಳವೆಯಲ್ಲಿಯೇ ತಂದೆ ತಾಯಿಯನ್ನು ಕಳೆದುಕೊಂಡರು. ಚೆಂಡೆಸೆತವೇ ಅವರ ಹೊಟ್ಟೆಪಾಡಾಯಿತು. 20ನೇ ವಯಸ್ಸಿನಲ್ಲಿ, ಪ್ರಾವಿಡೆನ್ಸ್ ತಂಡದ ಪಿಚರ್ ಆಗಿ, ಬಫಲೋ ತಂಡದ ಒಬ್ಬ ಬ್ಯಾಟ್ಸ್‌ಮನ್ ಕೂಡ ಮೊದಲ ಬೇಸ್ ಮುಟ್ಟದಂತೆ ಇಡೀ ಪಂದ್ಯವನ್ನು ಮುಗಿಸಿದರು. ಮುಂದೆ ತೋಳು ಕೈಕೊಟ್ಟಾಗ ನ್ಯೂಯಾರ್ಕ್ ತಂಡದ ಶಾರ್ಟ್‌ಸ್ಟಾಪ್ ಆದರು. ಆಡುತ್ತಲೇ ಕೊಲಂಬಿಯಾದಲ್ಲಿ ಕಾನೂನು ಓದಿ 1885ರಲ್ಲಿ ಪದವಿ ಪಡೆದರು.

ಓದಿದ ಕಾನೂನು ಅವರನ್ನು ಸುಮ್ಮನೆ ಕೂರಗೊಡಲಿಲ್ಲ. ನ್ಯಾಷನಲ್ ಲೀಗ್‌ನ ಒಪ್ಪಂದಗಳಲ್ಲಿ ಮೀಸಲು ಷರತ್ತೊಂದಿತ್ತು. ಸಹಿ ಹಾಕಿದ ಆಟಗಾರ ಮರುವರ್ಷವೂ ಅದೇ ತಂಡದ ಸ್ವತ್ತು. ತಂಡ ಅವನನ್ನು ಮಾರಬಹುದು, ಕೈಬಿಡಬಹುದು. ಅವನು ಮಾತ್ರ ಬಿಟ್ಟು ಹೋಗುವಂತಿಲ್ಲ. ಇದರ ವಿರುದ್ಧ ವಾರ್ಡ್ 1885ರಲ್ಲಿ ಆಟಗಾರರ ಸಂಘ ಸ್ಥಾಪಿಸಿದರು. 1888ರ ಕೊನೆಯಲ್ಲಿ ಅವರು ಕ್ರೀಡಾ ಸಾಮಗ್ರಿ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್ ಏರ್ಪಡಿಸಿದ ವಿಶ್ವ ಪ್ರವಾಸದಲ್ಲಿದ್ದರು. ಅದೇ ಹೊತ್ತಿಗೆ ಇತ್ತ ಮಾಲೀಕರು ಆಟಗಾರರನ್ನು ದರ್ಜೆಗಳಾಗಿ ವಿಂಗಡಿಸಿ, ವೇತನಕ್ಕೆ 2,500 ಡಾಲರ್‌ಗಳ ಮಿತಿ ಹೇರಿದರು. ಸಂಘದ ನಾಯಕ ಊರಲ್ಲಿಲ್ಲದ ಗಳಿಗೆಯನ್ನೇ ಅವರು ಆರಿಸಿಕೊಂಡಂತಿತ್ತು!

ಸಂಧಾನ ಫಲಿಸಲಿಲ್ಲ. ಎಂಟು ತಂಡಗಳ ಹೊಸ ಲೀಗ್ ಹುಟ್ಟಿತು. ಅಲ್ಲಿ ಮೀಸಲು ಷರತ್ತಿಗೆ ಜಾಗವಿರಲಿಲ್ಲ. ಆಡಳಿತದಲ್ಲಿ ಹಣ ಹೂಡಿದವರಿಗೆ ಸಮನಾಗಿ ಆಟಗಾರರು ಕುಳಿತರು. ಹಳೆಯ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರೂ ವಾರ್ಡ್ ಅವರನ್ನು ತಡೆಯಲು ನ್ಯಾಯಾಧೀಶರು ಒಪ್ಪಲಿಲ್ಲ. ನಾಡಿನ ಬಹುತೇಕ ಹೆಸರಾಂತ ಆಟಗಾರರು ಬೆನ್ನಿಗೆ ನಿಂತರು. ಬಾಸ್ಟನ್ ಪ್ರಶಸ್ತಿ ಗೆದ್ದಿತು. ವಾರ್ಡ್ ಮುನ್ನಡೆಸಿದ ಬ್ರೂಕ್ಲಿನ್ ಎರಡನೆಯದಾಯಿತು.

ಪ್ರೇಕ್ಷಕರು ಹಳೆಯ ಲೀಗ್‌ಗಿಂತ ಹೆಚ್ಚಾಗಿಯೇ ಬಂದರು. ಆದರೆ ನಷ್ಟ ಎರಡೂ ಕಡೆ ಇತ್ತು. ತಮ್ಮ ಕಡೆಯ ನಷ್ಟವನ್ನು ಬಚ್ಚಿಟ್ಟು ಗಟ್ಟಿಯಾಗಿ ನಿಂತ ಸ್ಪಾಲ್ಡಿಂಗ್ ಎದುರು, ಹೊಸ ಲೀಗ್‌ನ ಹೂಡಿಕೆದಾರರು ಎದೆಗುಂದಿದರು. ಸಂಧಾನದ ಮೇಜಿಗೆ ಬಂದ ವಾರ್ಡ್ ಮತ್ತು ಸಂಗಡಿಗರನ್ನು, ಆಟಗಾರರೆಂಬ ಕಾರಣಕ್ಕೇ ಹೊರಗಿಡಲಾಯಿತು. ಲೀಗ್ ಕಟ್ಟಿದವರ ಗೈರಿನಲ್ಲೇ ಲೀಗ್ ಕೈಬದಲಾಯಿತು.

ವಾರ್ಡ್ ಹಳೆಯ ಲೀಗ್‌ಗೆ ಮರಳಿ, 1894ರಲ್ಲಿ ನ್ಯೂಯಾರ್ಕ್ ತಂಡಕ್ಕೆ ಟೆಂಪಲ್ ಕಪ್ ಗೆದ್ದುಕೊಟ್ಟು ನಿವೃತ್ತರಾದರು. ವಕೀಲರಾಗಿ ಆಟಗಾರರ ಪರ ವಾದಿಸಿದರು. 1912ರಲ್ಲಿ ಬಾಸ್ಟನ್ ತಂಡದ ಅಧ್ಯಕ್ಷರಾಗಿ ಮಾಲೀಕರ ಸಾಲಿನಲ್ಲೂ ಕುಳಿತದ್ದು ವಿಚಿತ್ರವೇ. 1925ರ ಮಾರ್ಚ್ 4ರಂದು ಜಾರ್ಜಿಯಾದ ಆಗಸ್ಟಾದಲ್ಲಿ ನಿಧನರಾದರು. ಅವರು ವಿರೋಧಿಸಿದ ಮೀಸಲು ಷರತ್ತು ಮುರಿದುಬಿದ್ದದ್ದು 1975ರಲ್ಲಿ.