ಆರ್.ಕೆ. ಬಾಳಿಗಾ: ಎಲೆಕ್ಟ್ರಾನಿಕ್ಸ್ ಸಿಟಿಯ ಕನಸುಗಾರ

ಯರಗುಪ್ಪಿಯಂಥ ಊರಿನ ಹುಡುಗ ಎಂಜಿನಿಯರಿಂಗ್ ಮುಗಿಸಿದರೆ ಎಲ್ಲರೂ ಕೇಳೋದು, ಬೆಂಗಳೂರಿಗೆ ಯಾವಾಗ ಹೊಂಟಿ ಅಂತ. ಹಂಗೆ ಹೋದ ಬಹಳ ಮಂದಿ ಇಳಿಯೋದು ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ. ಅದನ್ನು ಕಟ್ಟಿಸಿದ ಆರ್.ಕೆ. ಬಾಳಿಗಾ ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ನನಗೂ ಮೊನ್ನೆಮೊನ್ನೆವರೆಗೆ ಗೊತ್ತಿರಲಿಲ್ಲ.

1976ರಲ್ಲಿ ರಾಜ್ಯ ಸರ್ಕಾರ ಕಿಯೋನಿಕ್ಸ್ ಸಂಸ್ಥೆ ಶುರು ಮಾಡಿತು. ಬಾಳಿಗಾ ಅದರ ಮೊದಲ ಅಧ್ಯಕ್ಷರು. ಬೆಂಗಳೂರನ್ನು ಭಾರತದ ಸಿಲಿಕಾನ್ ವ್ಯಾಲಿ ಮಾಡಬೇಕು ಅನ್ನೋದು ಅವರ ಹಂಬಲ. ಆಗ ಅದನ್ನು ನಂಬಿದವರು ಕಡಿಮೆ. ಮುಖ್ಯಮಂತ್ರಿ ದೇವರಾಜ ಅರಸು ಬೆನ್ನಿಗೆ ನಿಂತರು. ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳಲ್ಲಿ 332 ಎಕರೆ ಗೊತ್ತಾಯಿತು. ಅವೂ ಆಗ ನಮ್ಮೂರಿನಂಥ ಹೊಲಮನೆಯ ಊರುಗಳೇ.

ಹೆಸರು ಗಮನಿಸಿ: ಎಲೆಕ್ಟ್ರಾನಿಕ್ಸ್ ಸಿಟಿ, ಸಾಫ್ಟ್‌ವೇರ್ ಸಿಟಿ ಅಲ್ಲ. ಬಾಳಿಗಾ ಅವರ ಕಣ್ಣ ಮುಂದಿದ್ದದ್ದು ಯಂತ್ರ ಜೋಡಿಸುವ ಕಾರ್ಖಾನೆ, ಲಾರಿಯಲ್ಲಿ ಹೊರಡುವ ಸರಕು. 1988ರಲ್ಲಿ ಅವರು ತೀರಿಕೊಂಡರು. 1991ರ ಉದಾರೀಕರಣ ಬಂದು, ಇನ್ಫೋಸಿಸ್‌ನಂಥ ಕಂಪನಿಗಳು ಅಲ್ಲಿ ಬೆಳೆದದ್ದನ್ನು ನೋಡಲೇ ಇಲ್ಲ. ಸರಕಿನ ಬದಲು ಕೋಡ್ ಹೋಗತೊಡಗಿತು, ಕೆಲಸದ ವೇಳೆ ಅಮೆರಿಕದ ಗಡಿಯಾರ ನೋಡಿ ನಿಗದಿಯಾಗತೊಡಗಿತು.

2020ರ ಲಾಕ್‌ಡೌನಿನಲ್ಲಿ ಅದೇ ಕೆಲಸ ಲ್ಯಾಪ್‌ಟಾಪ್ ಸಮೇತ ಹಳ್ಳಿಯ ಪಡಸಾಲೆಗೂ ಬಂತು. ನೆಟ್‌ವರ್ಕ್ ಸಿಗಲಿ ಅಂತ ಮಾಳಿಗೆ ಹತ್ತಿ ಕೂತವರೂ ಇದ್ದರು. 332 ಎಕರೆ ಇಲ್ಲದೆಯೂ ಕೆಲಸ ನಡೆಯಿತು. ಆಮೇಲೆ ಬಹಳಷ್ಟು ಕಂಪನಿಗಳು ಆಫೀಸಿಗೆ ವಾಪಸ್ ಕರೆದವು. ಹುಬ್ಬಳ್ಳಿಯಿಂದ ಮತ್ತೆ ರಾತ್ರಿ ಬಸ್ಸು.